ಹೆಂಚಿನ ಮೇಲಿನ ಹೆಸರು

ಮನುಷ್ಯನು ಮಾಡಿಕೊಂಡ ವಸ್ತುಗಳಲ್ಲಿ ಬೆಂದ ಮಣ್ಣಿನಷ್ಟು ದೀರ್ಘಾಯುಷ್ಯವುಳ್ಳವು ವಿರಳ. ಮರ ಗೆದ್ದಲಿಗೆ ಆಹಾರವಾಗುತ್ತದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಟ್ಟೆ ಜೀರ್ಣವಾಗಿ ಹೋಗುತ್ತದೆ. ಬೆಂಕಿಯಲ್ಲಿ ಬೆಂದ ಮಣ್ಣಾದರೋ ಒಡೆಯಬಹುದೇ ಹೊರತು ಸುಲಭವಾಗಿ ಅಳಿಯುವುದಿಲ್ಲ. ಆದುದರಿಂದಲೇ ಪ್ರಾಚೀನ ನೆಲೆಗಳನ್ನು ಅಗೆದು ನೋಡುವ ಸಂಶೋಧಕರಿಗೆ ಎಲ್ಲಕ್ಕಿಂತ ಹೆಚ್ಚಾಗಿ ದೊರೆಯುವುದು ಮಡಕೆಯ ಚೂರುಗಳು. ಆ ಚೂರುಗಳು ಅಂದಿನ ಜನರ ಊಟ, ವ್ಯಾಪಾರ, ಅಭಿರುಚಿಗಳ ಕುರಿತು ಎಷ್ಟೋ ಸಂಗತಿಗಳನ್ನು ತಿಳಿಸುತ್ತವೆ. ಆದರೆ ಅವನ್ನು ಮಾಡಿದ ಕೈ ಯಾರದು ಎಂಬ ಪ್ರಶ್ನೆಗೆ ಮಾತ್ರ ಸಾಮಾನ್ಯವಾಗಿ ಉತ್ತರ ದೊರೆಯುವುದಿಲ್ಲ.

ಕುಂಬಾರನು ತನ್ನ ಹೆಸರನ್ನು ಮಡಕೆಯ ಮೇಲೆ ಏಕೆ ಬರೆಯಲಿಲ್ಲ? ಬರೆಯುವ ಅಗತ್ಯವೇ ಅವನಿಗಿರಲಿಲ್ಲ. ಹಳ್ಳಿಯಲ್ಲಿ ಮಡಕೆ ಮಾಡುವವನೂ ಅದನ್ನು ಕೊಳ್ಳುವವರೂ ಒಬ್ಬರನ್ನೊಬ್ಬರು ಬಲ್ಲವರು. ತಂದ ಗಡಿಗೆ ಸೋರಿದರೆ ಗೃಹಿಣಿ ಅದನ್ನು ಎತ್ತಿಕೊಂಡು ನೇರವಾಗಿ ಕುಂಬಾರನ ಬಾಗಿಲಿಗೆ ಹೋಗುತ್ತಿದ್ದಳು. ಮದುವೆಗೆ ಐರಾಣಿ ಮಡಕೆಗಳನ್ನು ಕೊಡುವವನೂ, ಬೇಸಗೆಗೆ ನೀರಿನ ಹರವಿಯನ್ನು ಕೊಡುವವನೂ ಅವನೇ. ಅವನ ಮುಖವೇ ಅವನ ಮುದ್ರೆಯಾಗಿತ್ತು. ಅವನ ಮಾತೇ ಅವನ ಮಡಕೆಗೆ ಹೊಣೆಯಾಗಿತ್ತು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂಬ ಗಾದೆಯನ್ನು ಕಟ್ಟಿದ ಜನರಿಗೆ ಆ ವರುಷದ ದುಡಿಮೆ ಎಂಥದೆಂಬುದು ಕಣ್ಣಾರೆ ಗೊತ್ತಿತ್ತು.

ಮಾಡುವವನಿಗೂ ಬಳಸುವವನಿಗೂ ನಡುವೆ ದೂರ ಬೆಳೆದಾಗ ಈ ಸ್ಥಿತಿ ಬದಲಾಗುತ್ತದೆ. ವಸ್ತುವು ನದಿಯನ್ನೂ ಘಟ್ಟವನ್ನೂ ಸಮುದ್ರವನ್ನೂ ದಾಟಿ ಅಪರಿಚಿತರ ಕೈ ಸೇರಿದಾಗ, ಅದರ ಒಳ್ಳೆಯತನಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಏಳುತ್ತದೆ. ಆಗ ಮುಖದ ಸ್ಥಾನವನ್ನು ಮುದ್ರೆ ಪಡೆಯುತ್ತದೆ. ತಯಾರಕನು ತನ್ನ ಹೆಸರನ್ನೋ ಗುರುತನ್ನೋ ವಸ್ತುವಿನ ಮೇಲೆ ಒತ್ತಿ, "ಇದು ನನ್ನದು, ಇದಕ್ಕೆ ನಾನು ಹೊಣೆ" ಎಂದು ಸಾರುತ್ತಾನೆ. ನಮ್ಮ ನಾಡಿಗೆ ಈ ಭಾವನೆ ಹೊಸತಲ್ಲ. ಹೊಯ್ಸಳರ ಕಾಲದ ಶಿಲ್ಪಿಗಳಲ್ಲಿ ಹಲವರು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿದ್ದಾರೆ. ಬೇಲೂರಿನ ದಾಸೋಜನನ್ನೂ, ಸೋಮನಾಥಪುರದ ಮಲ್ಲಿತಮ್ಮನನ್ನೂ ನಾವು ಇಂದು ಹೆಸರು ಹಿಡಿದು ಸ್ಮರಿಸುವುದು ಆ ಪುಟ್ಟ ಬರಹಗಳಿಂದಲೇ. ವಚನಕಾರರು ತಮ್ಮ ವಚನಗಳಲ್ಲಿ ಅಂಕಿತವನ್ನು ಇರಿಸಿದರು. ಹರಿದಾಸರು ತಮ್ಮ ಕೀರ್ತನೆಗಳಲ್ಲಿ ಮುದ್ರಿಕೆಯನ್ನು ಇರಿಸಿದರು. ಅಂಕಿತವನ್ನು ನೋಡಿ ವಚನ ಯಾರದೆಂದು ಗುರುತಿಸುವಂತೆಯೇ, ಮುದ್ರೆಯನ್ನು ನೋಡಿ ಮಣ್ಣಿನ ವಸ್ತು ಎಲ್ಲಿಯದು, ಯಾರದು, ಯಾವ ಕಾಲದ್ದು ಎಂದು ಗುರುತಿಸುವ ವಿದ್ಯೆಯೊಂದು ಬೆಳೆದಿದೆ.

ಈ ವಿದ್ಯೆ ವಿಶೇಷವಾಗಿ ಬೆಳೆದುದು ಇಂಗ್ಲೆಂಡಿನಲ್ಲಿ. ಆ ದೇಶದ ಸ್ಟಾಫರ್ಡ್‌ಷೈರ್ ಪ್ರಾಂತ್ಯದಲ್ಲಿ ಜೇಡಿಮಣ್ಣೂ ಕಲ್ಲಿದ್ದಲೂ ಒಂದೇ ನೆರೆಯಲ್ಲಿ ದೊರೆಯುತ್ತಿದ್ದುದರಿಂದ ಅಲ್ಲಿನ ಊರುಗಳು ಕುಂಬಾರಿಕೆಯ ಕೇಂದ್ರಗಳಾದವು. 1730ರಲ್ಲಿ ಅಲ್ಲಿನ ಬರ್ಸ್ಲೆಮ್ ಎಂಬ ಊರಿನ ಕುಂಬಾರರ ಮನೆತನವೊಂದರಲ್ಲಿ ಜೊಸಾಯ ವೆಜ್‌ವುಡ್ ಹುಟ್ಟಿದನು. ಬಾಲ್ಯದಲ್ಲಿ ಸಿಡುಬು ತಗಲಿ ಅವನ ಬಲಗಾಲು ದುರ್ಬಲವಾಯಿತು. 1768ರಲ್ಲಿ ಅದನ್ನು ಕತ್ತರಿಸಬೇಕಾಯಿತು. ಕಾಲಿನಿಂದ ತಿಗರಿಯನ್ನು ನಡೆಸಲಾರದ ಈ ಕುಂಬಾರನು ತನ್ನ ಬುದ್ಧಿಯನ್ನು ಮಣ್ಣಿನ ಗುಣ, ಬೆಂಕಿಯ ಶಾಖ, ಮೆರುಗಿನ ಬಣ್ಣ ಇವುಗಳ ಪರೀಕ್ಷೆಗೆ ತೊಡಗಿಸಿದನು. 1759ರಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿ, ಕೆನೆಯ ಬಣ್ಣದ ನಯವಾದ ಮಣ್ಣಿನ ಪಾತ್ರೆಗಳನ್ನು ತಯಾರಿಸಿದನು. 1765ರಲ್ಲಿ ಇಂಗ್ಲೆಂಡಿನ ರಾಣಿ ಷಾರ್ಲೆಟ್ ಅವನಿಂದ ಚಹದ ಪಾತ್ರೆಗಳನ್ನು ಮಾಡಿಸಿಕೊಂಡಳು. ಅಲ್ಲಿಂದ ಮುಂದೆ ಆ ಪಾತ್ರೆಗಳಿಗೆ 'ರಾಣಿಯ ಪಾತ್ರೆ' ಎಂಬ ಹೆಸರೇ ಬಂದಿತು.

ವೆಜ್‌ವುಡ್ಡನು ತನ್ನ ಹೆಸರನ್ನು ಪಾತ್ರೆಯ ತಳದಲ್ಲಿ, ಮಣ್ಣು ಇನ್ನೂ ಹಸಿಯಾಗಿರುವಾಗಲೇ ಒತ್ತಿಸುತ್ತಿದ್ದನು. ಇದರಲ್ಲಿ ಒಂದು ಜಾಣ್ಮೆಯಿದೆ. ಬಣ್ಣದಿಂದ ಬರೆದ ಹೆಸರನ್ನು ಯಾರಾದರೂ ಅನಂತರ ಬರೆಯಬಹುದು. ಹಸಿ ಮಣ್ಣಿನಲ್ಲಿ ಒತ್ತಿದ ಹೆಸರಾದರೋ ಪಾತ್ರೆಯೊಡನೆಯೇ ಬೆಂದು ಅದರ ಅಂಗವಾಗಿಬಿಡುತ್ತದೆ. ದೋಷವುಳ್ಳ ಪಾತ್ರೆಗಳನ್ನು ಕಂಡರೆ ಅವನು ತನ್ನ ಮರದ ಕಾಲಿನಿಂದಲೇ ಒಡೆದುಹಾಕುತ್ತಿದ್ದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆ ನಿಜವೋ ಅಲ್ಲವೋ, ಅದರ ತಾತ್ಪರ್ಯ ಸ್ಪಷ್ಟ: ಹೆಸರನ್ನು ಒತ್ತಿದವನು ಹೆಸರಿಗೆ ತಕ್ಕಂತೆ ನಡೆಯಲೇಬೇಕು. 1860ರಿಂದ ಆ ಸಂಸ್ಥೆಯವರು ಹೆಸರಿನೊಡನೆ ಮೂರು ಅಕ್ಷರಗಳನ್ನೂ ಒತ್ತತೊಡಗಿದರು. ಒಂದು ಅಕ್ಷರ ತಿಂಗಳನ್ನು, ಒಂದು ಕುಶಲಕರ್ಮಿಯನ್ನು, ಇನ್ನೊಂದು ವರ್ಷವನ್ನು ಸೂಚಿಸುತ್ತಿತ್ತು. ಆ ಸಂಕೇತವನ್ನು ಬಲ್ಲವರು ಆ ಕಾಲದ ತಟ್ಟೆಯೊಂದನ್ನು ತಿರುವಿ ನೋಡಿ, ಅದು ಯಾವ ವರ್ಷದ ಯಾವ ತಿಂಗಳಿನದೆಂದು ಇಂದಿಗೂ ಹೇಳಬಲ್ಲರು.

ಒಳ್ಳೆಯ ಹೆಸರಿಗೆ ಕಳ್ಳರೂ ಉಂಟು. ಸ್ಟಾಕ್ಟನ್ ಎಂಬಲ್ಲಿ ಪಾತ್ರೆಗಳನ್ನು ತಯಾರಿಸುತ್ತಿದ್ದ ವಿಲಿಯಂ ಸ್ಮಿತ್ ಎಂಬವನ ಕಂಪನಿಯು, ವೆಜ್‌ವುಡ್ ಎಂಬ ಹೆಸರಿನ ನಡುವೆ 'ಇ' ಎಂಬ ಒಂದು ಇಂಗ್ಲಿಷ್ ಅಕ್ಷರವನ್ನು ಹೆಚ್ಚಾಗಿ ಸೇರಿಸಿ ತನ್ನ ಪಾತ್ರೆಗಳ ಮೇಲೆ ಒತ್ತುತ್ತಿತ್ತು. ಉಚ್ಚಾರಣೆಯಲ್ಲಿ ಭೇದವಿಲ್ಲ, ಅವಸರದಲ್ಲಿ ಓದುವವನಿಗೆ ಬರಹದಲ್ಲಿಯೂ ಭೇದ ಕಾಣದು. 1848ರಲ್ಲಿ ನ್ಯಾಯಾಲಯವು ಇದನ್ನು ತಡೆಯಿತು. ಮುದ್ರೆಯನ್ನು ಅಕ್ಷರ ಅಕ್ಷರವಾಗಿ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕಾನೂನುಗಳೂ ಮುದ್ರೆಯ ರೂಪವನ್ನು ಬದಲಾಯಿಸುತ್ತವೆ. ಹೊರದೇಶದಿಂದ ಬರುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕೆಂದು ಅಮೆರಿಕವು 1890ರ ಸುಂಕದ ಕಾಯಿದೆಯಲ್ಲಿ ವಿಧಿಸಿತು. ಆ ಬಳಿಕ, 1891ರಿಂದ, ಇಂಗ್ಲಿಷ್ ಪಾತ್ರೆಗಳ ತಳದಲ್ಲಿ 'ಇಂಗ್ಲೆಂಡ್' ಎಂಬ ಪದ ಸಾಮಾನ್ಯವಾಯಿತು. ಆದುದರಿಂದ ಆ ಪದವುಳ್ಳ ಪಾತ್ರೆ ಬಹುಮಟ್ಟಿಗೆ ಅದಕ್ಕಿಂತ ಹಳೆಯದಲ್ಲವೆಂದು ಊಹಿಸಬಹುದು. ಹೀಗೆ ಒಂದೊಂದು ಪದವೂ ಸಾಕ್ಷಿ ನುಡಿಯುತ್ತದೆ.

ಇಂಗ್ಲೆಂಡಿನಲ್ಲಿ ವೆಜ್‌ವುಡ್ಡನ ಕಾಲದಲ್ಲಿ ನಡೆದ ಈ ಬದಲಾವಣೆ ಸುಮಾರು ನೂರು ವರ್ಷಗಳ ಬಳಿಕ ನಮ್ಮ ಕನ್ನಡ ಕರಾವಳಿಯಲ್ಲಿಯೂ ನಡೆಯಿತು. ಅಲ್ಲಿ ಮುದ್ರೆಯನ್ನು ಹೊತ್ತು ಹೊರಬಂದುದು ಊಟದ ತಟ್ಟೆಯಲ್ಲ, ಮನೆಯ ಮೇಲಿನ ಹೆಂಚು.

ಮಂಗಳೂರಿನ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹಿಂದೆ ಅಲ್ಲಿನ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು ಅಥವಾ ತೆಂಗಿನ ಗರಿಯ ಹೊದಿಕೆಯಿತ್ತು. ಅದನ್ನು ಆಗಾಗ ಹೊಸದಾಗಿ ಹೊದಿಸಬೇಕು. ಬೆಂಕಿಯ ಭಯವಂತೂ ತಪ್ಪಿದ್ದಲ್ಲ. ಕುಂಬಾರರು ಮಾಡುತ್ತಿದ್ದ ನಾಡಹೆಂಚೂ ಬಳಕೆಯಲ್ಲಿತ್ತು. ತಿಗರಿಯ ಮೇಲೆ ಕೊಳವೆಯನ್ನು ಎತ್ತಿ, ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಒಣಗಿಸಿ ಸುಟ್ಟರೆ ನಾಡಹೆಂಚು ಸಿದ್ಧವಾಗುತ್ತಿತ್ತು. ಅದು ಸುಂದರವಾದದ್ದು, ಆದರೆ ಒಂದರ ಆಕಾರ ಇನ್ನೊಂದಕ್ಕೆ ಸರಿಹೊಂದುತ್ತಿರಲಿಲ್ಲ. ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕಾದುದರಿಂದ ಛಾವಣಿಯ ಭಾರ ಹೆಚ್ಚುತ್ತಿತ್ತು. ಗಾಳಿಗೋ ಕೋತಿಗಳ ಓಟಕ್ಕೋ ಸರಿದ ಹೆಂಚುಗಳನ್ನು ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಕೈಯಾಡಿಸಿ ಸರಿಪಡಿಸಬೇಕಾಗುತ್ತಿತ್ತು.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಕ್ರೈಸ್ತ ಧರ್ಮಪ್ರಚಾರಕರು ಮಂಗಳೂರಿಗೆ ಬಂದರು. ಬಾಸೆಲ್ ಮಿಷನ್ನಿನ ಹೆಸರು ಕನ್ನಡಿಗರಿಗೆ ಚಿರಪರಿಚಿತ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಪ್ರಕಟವಾದ ಮಹಾನಿಘಂಟನ್ನು ರಚಿಸಿದ ಫರ್ಡಿನಾಂಡ್ ಕಿಟ್ಟೆಲ್, ಇವರಿಬ್ಬರೂ ಆ ಸಂಸ್ಥೆಗೆ ಸೇರಿದವರು. ಮತಾಂತರ ಹೊಂದಿದವರಲ್ಲಿ ಅನೇಕರು ತಮ್ಮ ಕುಟುಂಬದ ಆಶ್ರಯವನ್ನೂ ಕುಲದ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಜೀವನೋಪಾಯವನ್ನು ಒದಗಿಸಬೇಕಾದ ಹೊಣೆ ಮಿಷನ್ನಿನ ಮೇಲೆ ಬಿದ್ದಿತು. ಇದಕ್ಕಾಗಿ ಮುದ್ರಣಾಲಯ, ನೇಯ್ಗೆಯ ಕಾರ್ಖಾನೆ ಮೊದಲಾದವು ಆರಂಭವಾದವು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ತಂತ್ರಜ್ಞನು ನೇತ್ರಾವತಿಯ ದಡದ ಜೇಡಿಮಣ್ಣು ಹೆಂಚಿಗೆ ಒದಗುವಂಥದೆಂಬುದನ್ನು ಮನಗಂಡನು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತಲೆಯೆತ್ತಿತು.

ಆ ಹೆಂಚಿನ ವಿನ್ಯಾಸ ಮೂಲತಃ ಯುರೋಪಿನದು. ಫ್ರಾನ್ಸ್ ದೇಶದ ಆಲ್ಸೇಸ್ ಪ್ರಾಂತ್ಯದ ಜಿಲಾರ್ಡೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿನ ಹಕ್ಕುಪತ್ರವನ್ನು ಪಡೆದಿದ್ದರು. ಅನಂತರ ಆ ಬಗೆಯ ಹೆಂಚು ಮಾರ್ಸೇಲ್ಸ್ ಬಂದರಿನಿಂದ ಜಗತ್ತಿನ ನಾನಾ ಕಡೆಗಳಿಗೆ ಹೋಯಿತು. ಈ ಹೆಂಚಿನ ಅಂಚುಗಳಲ್ಲಿ ಏಣುಗಳೂ ಗಾಡಿಗಳೂ ಇರುತ್ತವೆ. ಒಂದು ಹೆಂಚಿನ ಏಣು ನೆರೆಯ ಹೆಂಚಿನ ಗಾಡಿಯಲ್ಲಿ ಕುಳಿತುಕೊಳ್ಳುತ್ತದೆ. ಒಳಮೈಯಲ್ಲಿರುವ ಸಣ್ಣ ಗುಬುಟುಗಳು ಮರದ ರೀಪಿಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತವೆ. ಹೀಗಾಗಿ ಹೆಂಚುಗಳು ಸುಲಭವಾಗಿ ಜಾರುವುದಿಲ್ಲ. ಮಳೆಯ ನೀರು ಒಳಕ್ಕೆ ನುಸುಳದೆ ಗಾಡಿಯಲ್ಲಿಯೇ ಹರಿದುಹೋಗುತ್ತದೆ. ಸುಮಾರು 41 ಸೆಂಟಿಮೀಟರ್ ಉದ್ದ, 23.5 ಸೆಂಟಿಮೀಟರ್ ಅಗಲದ ಹೆಂಚುಗಳಾದರೆ 100 ಚದರ ಅಡಿಯ ಛಾವಣಿಗೆ 150ರಷ್ಟು ಸಾಕು.

ಹೆಂಚು ತಯಾರಾಗುವ ಕ್ರಮವನ್ನು ತಿಳಿದರೆ ಅದರ ಮೇಲೆ ಹೆಸರು ಮೂಡುವ ಬಗೆಯೂ ತಿಳಿಯುತ್ತದೆ. ನದಿಯ ದಡದಿಂದಲೂ ಗದ್ದೆಗಳಿಂದಲೂ ಅಗೆದ ಮಣ್ಣನ್ನು ಕಾರ್ಖಾನೆಗೆ ತಂದು, ನೀರು ಬೆರೆಸಿ, ಹದಗೊಳ್ಳಲು ಬಿಡುತ್ತಾರೆ. ಅದನ್ನು ಯಂತ್ರದಲ್ಲಿ ಚೆನ್ನಾಗಿ ನಾದುತ್ತಾರೆ. ಮೊದಲಲ್ಲಿ ಈ ಯಂತ್ರಗಳನ್ನು ತಿರುಗಿಸುತ್ತಿದ್ದವು ಎತ್ತುಗಳು, ಬಳಿಕ ಉಗಿಯಂತ್ರಗಳು ಬಂದವು. ನಾದಿದ ಮಣ್ಣನ್ನು ಹಲಗೆಗಳಂತೆ ಕತ್ತರಿಸಿ, ಕಬ್ಬಿಣದ ಅಚ್ಚುಗಳ ನಡುವೆ ಇರಿಸಿ ಒತ್ತುತ್ತಾರೆ. ಮೇಲಿನ ಅಚ್ಚು ಹೆಂಚಿನ ಹೊರಮೈಯನ್ನೂ ಕೆಳಗಿನ ಅಚ್ಚು ಒಳಮೈಯನ್ನೂ ರೂಪಿಸುತ್ತವೆ. ಅಚ್ಚಿನಲ್ಲಿ ಕಾರ್ಖಾನೆಯ ಹೆಸರು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆದಿರುತ್ತದೆ; ಹೆಂಚಿನ ಮೇಲೆ ಅದು ನೇರವಾಗಿ ಮೂಡುತ್ತದೆ. ಪುಸ್ತಕ ಮುದ್ರಣದ ಸೀಸದ ಮೊಳೆಗಳ ತತ್ತ್ವವೂ ಇದೇ ಅಲ್ಲವೆ? ಮುದ್ರಣಾಲಯದಿಂದ ಬಂದ ತಂತ್ರಜ್ಞನ ಕೈಯಲ್ಲಿ ಕಾಗದದ ವಿದ್ಯೆಯೇ ಮಣ್ಣಿಗೂ ಒದಗಿತೆಂದರೆ ಹೆಚ್ಚು ಹೇಳಿದಂತಾಗದು. ಒತ್ತಿದ ಹೆಂಚುಗಳ ಅಂಚನ್ನು ಸವರಿ, ನೆರಳಿನಲ್ಲಿ ಕೆಲವು ದಿನ ಒಣಗಿಸಿ, ಆವಿಗೆಯಲ್ಲಿ ಜೋಡಿಸಿ ಸುಡುತ್ತಾರೆ. ಮಣ್ಣಿನಲ್ಲಿರುವ ಕಬ್ಬಿಣದ ಅಂಶವು ಬೆಂಕಿಯಲ್ಲಿ ಕೆಂಪಾಗಿ ಹೆಂಚಿಗೆ ಆ ಪ್ರಸಿದ್ಧ ಬಣ್ಣವನ್ನು ಕೊಡುತ್ತದೆ. ಚೆನ್ನಾಗಿ ಬೆಂದ ಹೆಂಚನ್ನು ಬೆರಳಗೆಣ್ಣಿನಿಂದ ತಟ್ಟಿದರೆ ಕಂಚಿನಂತೆ ಠಣ್ಣೆನ್ನುತ್ತದೆ. ಬಿರುಕುಬಿಟ್ಟ ಹೆಂಚು ಮಂಕಾಗಿ ನುಡಿಯುತ್ತದೆ.

ಹೊಸ ಹೆಂಚಿನ ಕೀರ್ತಿ ಬೇಗನೆ ಹರಡಿತು. ಬಾಸೆಲ್ ಮಿಷನ್ ಕಾಲಕ್ರಮದಲ್ಲಿ ಮಂಗಳೂರು, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡು, ಫೆರೋಕ್ ಮೊದಲಾದೆಡೆಗಳಲ್ಲಿ ಏಳು ಹೆಂಚಿನ ಕಾರ್ಖಾನೆಗಳನ್ನು ನಡೆಸಿತು. ಸ್ಥಳೀಯ ಉದ್ಯಮಿಗಳೂ ಹಿಂದುಳಿಯಲಿಲ್ಲ. ಆಲ್ಬುಕರ್ಕ್ ಮನೆತನದವರು ಈ ಕ್ಷೇತ್ರಕ್ಕೆ ಮೊದಲು ಕಾಲಿಟ್ಟ ಭಾರತೀಯರಲ್ಲಿ ಪ್ರಮುಖರು. ನೇತ್ರಾವತಿ, ಗುರುಪುರ ನದಿಗಳ ದಡಗಳಲ್ಲಿ ಹೊಗೆಗೊಳವೆಗಳು ಸಾಲುಗಟ್ಟಿದವು. ಹಾಯಿ ಕಟ್ಟಿದ ಮಂಜಿಗಳು ಹೆಂಚನ್ನು ಹೊತ್ತು ಮುಂಬಯಿಯತ್ತ ಸಾಗಿದವು. ಹಡಗುಗಳು ಶ್ರೀಲಂಕಾ, ಬರ್ಮಾ, ಆಫ್ರಿಕಗಳಿಗೆ ಅದನ್ನು ಒಯ್ದವು. ಮಂಗಳೂರಿಗೆ ತೆಂಕಣದಿಂದ ರೈಲು ಬಂದುದು 1907ರಲ್ಲಿ. ಹಾಸನದ ಮೂಲಕ ಘಟ್ಟವನ್ನು ಹತ್ತುವ ರೈಲುಮಾರ್ಗವು ತೆರೆದುದು 1979ರಲ್ಲಿ. ಅದಕ್ಕೂ ಬಹಳ ಮೊದಲೇ ಕರಾವಳಿಯ ಹೆಂಚು ಬೆಂಗಳೂರು, ಮೈಸೂರುಗಳ ಬಂಗಲೆ, ಶಾಲೆ, ಛತ್ರಗಳ ಮೇಲೆ ಕುಳಿತಿತ್ತು.

ಕಾಲಕ್ರಮದಲ್ಲಿ ಆ ಆಕಾರದ ಹೆಂಚಿಗೆ, ಅದು ಎಲ್ಲಿಯೇ ತಯಾರಾಗಲಿ, 'ಮಂಗಳೂರು ಹೆಂಚು' ಎಂಬ ಹೆಸರು ರೂಢಿಯಾಯಿತು. ಗುಜರಾತಿನ ಮೋರ್ಬಿಯಲ್ಲಿಯೂ ಮಂಗಳೂರು ಹೆಂಚು ತಯಾರಾಯಿತು. ಮಣ್ಣಿನ ಹೆಂಚಿಗಾಗಿ ರೂಪಿಸಿದ ಭಾರತೀಯ ಮಾನಕ 654ರ ಶೀರ್ಷಿಕೆಯಲ್ಲಿಯೇ 'ಮಂಗಳೂರು ಮಾದರಿ' ಎಂಬ ಮಾತಿದೆ. ಒಂದು ಊರಿನ ಹೆಸರು ಒಂದು ವಸ್ತುವಿನ ಹೆಸರಾಗುವುದು ಆ ಊರಿಗೆ ದೊರೆಯುವ ದೊಡ್ಡ ಬಿರುದು. ಆದರೆ ಇದರಿಂದ ಒಂದು ತೊಡಕೂ ಹುಟ್ಟಿತು. ಎಲ್ಲ ಹೆಂಚುಗಳೂ 'ಮಂಗಳೂರು ಹೆಂಚು'ಗಳೇ ಆದಾಗ, ಮಂಗಳೂರಿನ ಹೆಂಚು ಯಾವುದು, ಅದರಲ್ಲಿಯೂ ಯಾವ ಕಾರ್ಖಾನೆಯದು ಎಂಬುದನ್ನು ತಿಳಿಯುವುದು ಹೇಗೆ? ಅದಕ್ಕೆ ಉಳಿದ ಮುಖ್ಯ ಸಾಧನ ಅದರ ಮೇಲಿನ ಮುದ್ರೆ.

ಮುದ್ರೆಯನ್ನು ಓದುವ ಬಗೆ ಹೇಗೆ? ಹಳೆಯ ಹೆಂಚಿನ ಮನೆಯೊಳಗೆ ನಿಂತು ಮೇಲೆ ನೋಡಿದರೆ, ರೀಪುಗಳ ನಡುವೆ ಹೆಂಚುಗಳ ಒಳಮೈಯ ಅಕ್ಷರಗಳು ಹಲವೆಡೆ ಕಾಣುತ್ತವೆ. ಅವು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳು. ದೂರದೂರದ ಪೇಟೆಗಳಲ್ಲಿ ಮಾರಬೇಕಾದ ಸರಕಿಗೆ ಆ ಲಿಪಿ ಅನುಕೂಲವಾಗಿ ತೋರಿರಬೇಕು. ಕಾಗದದ ಮೇಲೆ ಕನ್ನಡವನ್ನು ಅಷ್ಟು ಅಂದವಾಗಿ ಮುದ್ರಿಸಿದ ಸಂಸ್ಥೆಯೇ ಮಣ್ಣಿನ ಮೇಲೆ ಇಂಗ್ಲಿಷನ್ನು ಒತ್ತಿದುದು ಗಮನಿಸಬೇಕಾದ ಸಂಗತಿ. ಹೆಸರಿನ ಬಳಿಕ ನೋಡಬೇಕಾದುದು ಊರು. ಬಾಸೆಲ್ ಮಿಷನ್ನಿನಂಥ ಸಂಸ್ಥೆಗೆ ಹಲವು ಊರುಗಳಲ್ಲಿ ಕಾರ್ಖಾನೆಗಳಿದ್ದುದರಿಂದ, ಸಂಸ್ಥೆಯ ಹೆಸರೊಂದರಿಂದಲೇ ಹೆಂಚಿನ ಹುಟ್ಟೂರು ತಿಳಿಯದು.

ಮೂರನೆಯದು ಇಸವಿ. ಇಲ್ಲಿ ಓದುಗನು ಬಹಳ ಎಚ್ಚರದಿಂದಿರಬೇಕು. ಬಾಸೆಲ್ ಮಿಷನ್ ಹೆಂಚುಗಳ ಮೇಲೆ '1865' ಎಂಬ ಅಂಕಿ ಕಾಣುವುದುಂಟು. ಅದನ್ನು ನೋಡಿದೊಡನೆ, ಈ ಹೆಂಚು 1865ರಲ್ಲಿ ತಯಾರಾಯಿತೆಂದೂ, ಮನೆಯೂ ಅಷ್ಟೇ ಹಳೆಯದೆಂದೂ ತೀರ್ಮಾನಿಸುವವರಿದ್ದಾರೆ. ಇದು ಸರಿಯಲ್ಲ. ಅದು ಕಾರ್ಖಾನೆ ಸ್ಥಾಪನೆಯಾದ ವರ್ಷ. ಹತ್ತು ಇಪ್ಪತ್ತು ವರ್ಷಗಳ ಬಳಿಕ ಒತ್ತಿದ ಹೆಂಚೂ ಅದೇ ಅಂಕಿಯನ್ನು ಹೊತ್ತಿರಬಲ್ಲದು. ತನ್ನ ಸಂಸ್ಥೆ ಹಳೆಯದೆಂದು ಹೇಳಿ ಕೊಳ್ಳುವವರ ವಿಶ್ವಾಸವನ್ನು ಗಳಿಸುವುದು ಅದರ ಉದ್ದೇಶ. ಇಂಗ್ಲೆಂಡಿನ ಪಾತ್ರೆಗಳ ತಳದಲ್ಲಿಯೂ ಇಂಥ ಸ್ಥಾಪನೆಯ ಇಸವಿಗಳು ಕಾಣಸಿಗುತ್ತವೆ. ವೆಜ್‌ವುಡ್ ಪಾತ್ರೆಯ ತಿಂಗಳು ವರ್ಷಗಳ ಅಕ್ಷರಗಳು ನುಡಿಯುವುದು ಆ ಪಾತ್ರೆಯ ಹುಟ್ಟನ್ನು. ಹೆಂಚಿನ ಮೇಲಿನ ಇಸವಿ ನುಡಿಯುವುದು ಸಂಸ್ಥೆಯ ಹುಟ್ಟನ್ನು. ಎರಡನ್ನೂ ಒಂದೆಂದು ತಿಳಿಯಬಾರದು. ಇಸವಿಯಿಂದ ನಿಶ್ಚಿತವಾಗಿ ತಿಳಿಯುವುದು ಇಷ್ಟೆ: ಈ ಹೆಂಚು 1865ಕ್ಕಿಂತ ಹಿಂದಿನದಲ್ಲ.

ಹಾಗಾದರೆ ಹೆಂಚಿನ ಕಾಲವನ್ನು ಇನ್ನಷ್ಟು ಹತ್ತಿರದಿಂದ ಅರಿಯುವ ದಾರಿಯಿಲ್ಲವೆ? ಇದೆ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಬಾಸೆಲ್ ನಗರವು ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಿಷನ್ನಿನ ಕೆಲಸಗಾರರಲ್ಲಿ ಅನೇಕರು ಜರ್ಮನರು. ಜರ್ಮನಿಯೊಡನೆ ಯುದ್ಧದಲ್ಲಿ ತೊಡಗಿದ್ದ ಬ್ರಿಟಿಷ್ ಸರ್ಕಾರವು ಅವರನ್ನು ಬಂಧನದಲ್ಲಿರಿಸಿತು; ಮಿಷನ್ನಿನ ಉದ್ಯಮಗಳನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಯುದ್ಧ ಮುಗಿದ ಬಳಿಕ, 1919ರ ಸುಮಾರಿಗೆ, ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ವಶಕ್ಕೆ ಬಂದವು. ಅದೇ ನದಿಯ ಮಣ್ಣು, ಅದೇ ಆವಿಗೆ, ಅದೇ ಊರಿನ ಕಾರ್ಮಿಕರು. ಆದರೆ ಅಚ್ಚಿನಲ್ಲಿ ಹೆಸರು ಬೇರೆ. ಆದುದರಿಂದ ಬಾಸೆಲ್ ಮಿಷನ್ನಿನ ಹೆಸರುಳ್ಳ ಹೆಂಚು ಸಾಮಾನ್ಯವಾಗಿ ಈ ಬದಲಾವಣೆಗೆ ಮೊದಲಿನದು, ಕಾಮನ್‌ವೆಲ್ತ್ ಹೆಸರುಳ್ಳದ್ದು ಅದರ ಬಳಿಕದ್ದು. ಯುರೋಪಿನ ರಣರಂಗದಲ್ಲಿ ನಡೆದ ಮಹಾಯುದ್ಧವೊಂದು ನಮ್ಮ ಊರಿನ ಮನೆಯ ಸೂರಿನಲ್ಲಿ ಹೀಗೆ ದಾಖಲಾಗಿದೆ.

ಇಷ್ಟಾದರೂ ಅವಸರದ ತೀರ್ಮಾನ ಸಲ್ಲದು. ಒಂದೇ ಛಾವಣಿಯಲ್ಲಿ ಎರಡು ಹೆಸರುಗಳೂ ಇದ್ದರೆ, ಒಡೆದ ಹೆಂಚುಗಳ ಬದಲಿಗೆ ಹೊಸವನ್ನು ಹೊದಿಸಿರಬಹುದು. ಕೆಡವಿದ ಮನೆಯ ಹೆಂಚನ್ನು ಕೊಂಡು ತಂದು ಹೊಸ ಮನೆಗೆ ಹಾಕುವ ವಾಡಿಕೆಯೂ ಉಂಟು. ಆಗ ಹೆಂಚು ಗೋಡೆಗಿಂತ ಹಳೆಯದಾಗಿರುತ್ತದೆ. ಅಂದಮೇಲೆ ಒಂದು ಹೆಂಚಿನ ಮಾತನ್ನು ಕೇಳಿ ಮನೆಯ ವಯಸ್ಸನ್ನು ನಿರ್ಣಯಿಸಲಾಗದು. ಹಲವು ಹೆಂಚುಗಳನ್ನು ಓದಬೇಕು. ಮನೆಯ ಪತ್ರಗಳನ್ನು ನೋಡಬೇಕು. ಮನೆಯ ಹಿರಿಯರನ್ನು ಕೇಳಬೇಕು. ಈ ಸಾಕ್ಷ್ಯಗಳು ಒಂದಕ್ಕೊಂದು ಹೊಂದಿದಾಗ ಮಾತ್ರ ನಿರ್ಣಯಕ್ಕೆ ಬೆಲೆ. ಇತಿಹಾಸಕಾರನು ಶಾಸನವನ್ನು ಓದುವಾಗ ಅನುಸರಿಸುವ ನಿಯಮವೂ ಇದೇ.

ಮುದ್ರೆಯು ಏನನ್ನು ಹೇಳುತ್ತದೆಯೋ ಅದರಷ್ಟೇ ಮುಖ್ಯವಾದುದು ಅದು ಹೇಳದೆ ಬಿಡುವುದು. ಹೊಯ್ಸಳ ಶಿಲ್ಪಿಯು ವಿಗ್ರಹದ ಮೇಲೆ ಕೆತ್ತಿದುದು ಸ್ವಂತ ಹೆಸರನ್ನು. ಹೆಂಚಿನ ಮೇಲಿರುವುದು ಒಡೆತನದ ಹೆಸರು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಮಣ್ಣನ್ನು ಅಗೆದವರು, ಅಚ್ಚನ್ನು ಒತ್ತಿದವರು, ಹಸಿ ಹೆಂಚುಗಳನ್ನು ಹೊತ್ತು ಸಾಗಿಸಿದ ಹೆಂಗಸರು, ಆವಿಗೆಯ ಬೆಂಕಿಯನ್ನು ಇರುಳೆಲ್ಲ ಕಾದವರು, ಇವರಲ್ಲಿ ಯಾರ ಹೆಸರೂ ಅಲ್ಲಿಲ್ಲ. ಕಾರ್ಖಾನೆಯ ಹೆಂಚು ಬಂದಂತೆ ನಾಡಹೆಂಚನ್ನು ಮಾಡುತ್ತಿದ್ದ ಕುಂಬಾರರ ಕೆಲಸ ಕುಗ್ಗಿತು. ಆ ಸಂಗತಿಯೂ ಅಲ್ಲಿಲ್ಲ. ಹೆಂಚನ್ನು ಸುಡಲು ಉರಿದುಹೋದ ಕಾಡಿನ ಸೌದೆಯ ಲೆಕ್ಕವೂ ಅಲ್ಲಿಲ್ಲ. ಹಸಿಯಾಗಿದ್ದಾಗ ಹಿಡಿದ ಬೆರಳಿನ ಗುರುತು ಒಮ್ಮೊಮ್ಮೆ ಹೆಂಚಿನ ಅಂಚಿನಲ್ಲಿ ಬೆಂದು ಉಳಿದಿರುವುದುಂಟು. ಓದು ಬರಹ ಬಲ್ಲವರ ಮುದ್ರೆ ನಡುವೆ ಇದ್ದರೆ, ಹೆಸರಿಲ್ಲದ ಕಾರ್ಮಿಕನ ಮುದ್ರೆ ಹೀಗೆ ಅಂಚಿನಲ್ಲಿದೆ. ಜಾಣ ಓದುಗನು ಎರಡನ್ನೂ ಓದುತ್ತಾನೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಮೆಂಟ್ ಕಾಂಕ್ರೀಟಿನ ತಾರಸಿ ಎಲ್ಲೆಡೆ ಹಬ್ಬಿತು. ತಾರಸಿಯ ಮೇಲೆ ಇನ್ನೊಂದು ಅಂತಸ್ತನ್ನು ಕಟ್ಟಬಹುದು. ಹೆಂಚಿನ ಮೇಲೆ ಕಟ್ಟಲಾಗದು. ನಿವೇಶನದ ಬೆಲೆ ಏರಿದ ನಗರಗಳಲ್ಲಿ ಈ ಒಂದು ಕಾರಣವೇ ಸಾಕಾಯಿತು. ಒಳ್ಳೆಯ ಜೇಡಿಮಣ್ಣೂ ಸೌದೆಯೂ ದುರ್ಲಭವಾದವು. ಕರಾವಳಿಯ ಹೆಂಚಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಒಂದೊಂದಾಗಿ ಮುಚ್ಚಿದವು. ಇತ್ತ ಬೆಂಗಳೂರಿನಲ್ಲಿ ಹಳೆಯ ಬಡಾವಣೆಗಳ ಹೆಂಚಿನ ಮನೆಗಳು ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಟ್ಟವು. ಹೊಸೂರು ರಸ್ತೆಯ ಬೊಮ್ಮನಹಳ್ಳಿ ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿ. ಬಳಿಕ ಅದು ಕಾರ್ಖಾನೆಗಳ ನೆರೆಯಾಯಿತು, ನಗರಸಭೆಯಾಯಿತು. 2007ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರಿಹೋಯಿತು. ಇಂಥ ಊರುಗಳ ಹಳೆಯ ಬೀದಿಗಳಲ್ಲಿ ಮನೆಯೊಂದನ್ನು ಕೆಡವಿದಾಗ ಬಾಗಿಲು ಕಿಟಕಿಗಳಿಗೆ ಕೊಳ್ಳುವವರು ದೊರೆಯುತ್ತಾರೆ. ಹೆಂಚುಗಳಾದರೋ ಅನೇಕ ವೇಳೆ ಪುಡಿಯಾಗಿ ಹಳ್ಳವನ್ನು ತುಂಬಲು ಹೋಗುತ್ತವೆ. ಅವುಗಳೊಡನೆ ಒಂದು ಪುಟ್ಟ ಇತಿಹಾಸವೂ ಮಣ್ಣು ಸೇರುತ್ತದೆ.

ಬೊಮ್ಮನಹಳ್ಳಿಗೆ ಸಮೀಪದ ಬೇಗೂರಿನಲ್ಲಿ ಪ್ರಾಚೀನವಾದ ನಾಗೇಶ್ವರ ದೇವಾಲಯವಿದೆ. ಅಲ್ಲಿಯ ಒಂದು ಶಾಸನದಲ್ಲಿ ಬೆಂಗಳೂರಿನ ಕಾಳಗವೊಂದರ ಉಲ್ಲೇಖವಿದೆ. ಅದರ ಕಾಲ ಸುಮಾರು ಒಂಬತ್ತನೆಯ ಶತಮಾನದ ಕೊನೆ. ಬೆಂಗಳೂರು ಎಂಬ ಹೆಸರು ಸಾವಿರ ವರ್ಷಗಳಿಗೂ ಹಿಂದಿನದೆಂದು ನಾವು ಹೇಳಬಲ್ಲೆವಾದರೆ, ಅದಕ್ಕೆ ಕಾರಣ ಯಾರೋ ಅದನ್ನು ಕಲ್ಲಿನಲ್ಲಿ ಕೊರೆದರು, ಮತ್ತೆ ಯಾರೋ ಆ ಕಲ್ಲಿನ ಮುಂದೆ ನಿಂತು ತಾಳ್ಮೆಯಿಂದ ಓದಿದರು. ಓದುವವರು ಇಲ್ಲದಿದ್ದರೆ ಶಾಸನವೂ ಬರಿಯ ಚಪ್ಪಡಿಯೇ. ಹೆಂಚಿನ ಮೇಲಿನ ಬರಹವು ಅರಸರ ಶಾಸನವಲ್ಲ; ಅದು ಜನಸಾಮಾನ್ಯರ ಮನೆಯ ಶಾಸನ. ಅದನ್ನು ಓದಲು ಹಳಗನ್ನಡದ ಪಾಂಡಿತ್ಯ ಬೇಕಿಲ್ಲ. ಕಣ್ಣೂ ತಾಳ್ಮೆಯೂ ಇದ್ದರೆ ಸಾಕು.

ನಿಮ್ಮ ಊರಿನಲ್ಲಿಯೋ ನೆಂಟರ ಊರಿನಲ್ಲಿಯೋ ಹೆಂಚಿನ ಮನೆ ಇನ್ನೂ ಉಳಿದಿದ್ದರೆ, ಹಿರಿಯರ ಅನುಮತಿ ಪಡೆದು ಅದರ ಹೆಂಚುಗಳನ್ನು ನೋಡಿರಿ. ಹೆಂಚಿನ ಮೇಲೆ ತೆಳುವಾದ ಕಾಗದವನ್ನು ಹರಡಿ ಸೀಸದ ಕಡ್ಡಿಯಿಂದ ಮೃದುವಾಗಿ ಉಜ್ಜಿದರೆ ಅಕ್ಷರಗಳು ಕಾಗದದ ಮೇಲೆ ಮೂಡುತ್ತವೆ. ಕಾರ್ಖಾನೆಯ ಹೆಸರು, ಊರು, ಇಸವಿ, ಚಿತ್ರವಿದ್ದರೆ ಚಿತ್ರ, ಇವುಗಳ ಜೊತೆಗೆ ಹೆಂಚು ದೊರೆತ ಸ್ಥಳವನ್ನೂ ಬರೆದಿಡಿರಿ. ಸ್ಥಳದ ವಿವರವಿಲ್ಲದ ಹೆಂಚು ವಿಳಾಸವಿಲ್ಲದ ಕಾಗದದಂತೆ. ಒಂದು ತರಗತಿಯ ಮಕ್ಕಳೆಲ್ಲರೂ ಹೀಗೆ ಬರೆದುದನ್ನು ಒಟ್ಟುಗೂಡಿಸಿದರೆ, ಒಂದು ಊರಿಗೆ ಎಲ್ಲೆಲ್ಲಿಂದ ಹೆಂಚು ಬಂದಿತು, ಯಾವ ಕಾಲದಲ್ಲಿ ಅಲ್ಲಿ ಮನೆಗಳು ಎದ್ದವು ಎಂಬುದರ ಚಿತ್ರ ಸಿದ್ಧವಾಗುತ್ತದೆ. ಇದು ಬೇರೆ ಯಾವ ಪುಸ್ತಕದಲ್ಲಿಯೂ ದೊರೆಯದ ಇತಿಹಾಸ.

ತಾನು ಮಾಡಿದ ವಸ್ತುವಿನ ಮೇಲೆ ಹೆಸರನ್ನು ಒತ್ತುವುದೆಂದರೆ ಮುಂದೆ ಬರುವವರಿಗೆ ಮಾತು ಕೊಟ್ಟಂತೆ. ಎಷ್ಟೋ ಮಳೆಗಾಲಗಳನ್ನು ತಡೆದು ನಿಂತ ಹೆಂಚು ಆ ಮಾತನ್ನು ಉಳಿಸಿಕೊಂಡಿದೆ. ಒತ್ತಿದ ಕೈ ಇಲ್ಲ, ಒಡೆಯನಿಲ್ಲ, ಹಲ ಕಡೆ ಕಾರ್ಖಾನೆಯೂ ಇಲ್ಲ. ಕೊಟ್ಟ ಮಾತು ಮಾತ್ರ ತಲೆಯ ಮೇಲೆ ನೆರಳಾಗಿ ನಿಂತಿದೆ. ಅದನ್ನು ಓದಿ ಅರಿಯುವುದು ನಮಗೆ ಸೇರಿದ ಕೆಲಸ.